ಎಡಗಡೆಯ ಹಾರ್ನು

ರೈಲು ಇಂಜಿನ್ನಿಗೆ ಹಾರ್ನು ಒಂದಿರಬೇಕೋ ಎರಡಿರಬೇಕೋ ಎಂಬುದು ಲೋಕದ ಮಹಾಪ್ರಶ್ನೆಗಳಲ್ಲೊಂದು. ೧೯೮೬ರ ಮಾಗಿಯಲ್ಲಿ ಈ ಪ್ರಶ್ನೆ ಗುಡಗೇರಿ ಸ್ಟೇಷನ್ನಿನ ಬಾಜುವಿನ ತಗಡಿನ ಶೆಡ್ಡಿಗೆ ಬಂದಾಗ, ಅದನ್ನು ಬಗೆಹರಿಸುವ ಭಾರ ಭರಮಪ್ಪನ ಹೆಗಲಿಗೆ ಬಿತ್ತು.

ಭರಮಪ್ಪ ಅಣ್ಣಿಗೇರಿಯವನು, ಹೊಸದಾಗಿ ವರ್ಗವಾಗಿ ಬಂದ ಇಂಜಿನ್ ಇನ್ಸ್‌ಪೆಕ್ಟರ್. ಅಜ್ಜಿಯ ತಾಯಿತವನ್ನು ಕಾಲೇಜು ಸೇರಿದ ದಿನವೇ ಹರಿದು ಒಗೆದವನು, ಅದನ್ನು ಎಲ್ಲರಿಗೂ ಹೇಳುವವನು. ಮುಂಬಯಿಯ ಕೆಲವು ರೈಲುಹುಚ್ಚರು ಗುಜರಿಗೆ ಹೋಗಲಿದ್ದ ಒಂದು ಹಳೆಯ ಡೀಸೆಲ್ ಇಂಜಿನ್ನಿಗೆ ಎರಡು ಡಬ್ಬಿ ಕಟ್ಟಿಸಿಕೊಂಡು ವಿದಾಯದ ಪ್ರವಾಸ ಹೊರಟಿದ್ದರು. ಉಗಿಬಂಡಿಗಾಗಿ ಅಳುವವರನ್ನು ಊರು ಕಂಡಿತ್ತು. ಡೀಸೆಲ್ಲಿಗಾಗಿ ಅಳುವವರೂ ಇದ್ದಾರೆಂದು ತಿಳಿದು ಚಹಾದಂಗಡಿಯಲ್ಲಿ ಎರಡು ದಿನ ನಗೆ ನಡೆಯಿತು. ಭರಮಪ್ಪ ಮಾತ್ರ ನಗಲಿಲ್ಲ. ಪ್ರವಾಸ ಕಳೆಗಟ್ಟಿದರೆ ಇಂಜಿನ್ನು ಗುಜರಿಗೆ ಹೋಗದೆ ಉಳಿಯುತ್ತದೆ, ತನಗೆ ಹುಬ್ಬಳ್ಳಿಯಲ್ಲಿ ಕುರ್ಚಿ ಸಿಗುತ್ತದೆ. ಅದಕ್ಕೇ ಇಂಜಿನ್ನಿನ ಚರಿತ್ರೆಯ ಪುಸ್ತಿಕೆಯನ್ನೂ ತಾನೇ ಬರೆದು ಅಚ್ಚು ಹಾಕಿಸಿದ. ಅದರ ಆರನೆಯ ಪುಟದಲ್ಲಿ ಹಳೆಯ ವಿಚಾರಣೆಯ ಕಾಗದದಿಂದ ಎತ್ತಿಕೊಂಡ ಒಂದು ಸಾಲಿತ್ತು: 'ಇಪ್ಪತ್ತು ವರ್ಷಗಳಲ್ಲಿ ಒಂದೇ ಅವಘಡ, ಹಾರ್ನು ಹೊಡೆಯಲಾಗಿತ್ತು, ಗಮನ ಕೊಡದ್ದು ಮೃತನ ತಪ್ಪು.'

ಮೃತನೆಂದರೆ ಹಳಿ ಕಾಯುವ ಗ್ಯಾಂಗಿನ ಮಲಕಪ್ಪ. ಕರಿಮಣ್ಣಿನ ಆ ಬಯಲಿನಲ್ಲಿ ಉಗಿಬಂಡಿ ಮೂರು ಮೈಲಿಯಾಚೆಯೇ ಹೊಗೆ ಎತ್ತಿ ತೋರಿಸಿ ತಾನು ಬರುತ್ತಿರುವುದನ್ನು ಹೇಳುತ್ತಿತ್ತು. ಗ್ಯಾಂಗಿನವರು ಕಿವಿಗಿಂತ ಕಣ್ಣನ್ನು ನಂಬಿದ್ದರು. ಡೀಸೆಲ್ಲಿಗೆ ಅಷ್ಟು ದಾಕ್ಷಿಣ್ಯವಿರಲಿಲ್ಲ. ಅದು ಬಂದ ಮೊದಲ ವರ್ಷವೇ, ಬನ್ನಿಗಿಡದ ತಿರುವಿನಲ್ಲಿ, ಬಗ್ಗಿ ಕೆಲಸ ಮಾಡುತ್ತಿದ್ದ ಮಲಕಪ್ಪ ತಲೆ ಎತ್ತಲೇ ಇಲ್ಲ.

ಇಂಜಿನ್ನಿನ ನೆತ್ತಿಯ ಎರಡು ಹಾರ್ನುಗಳಲ್ಲಿ ಎಡಗಡೆಯದರ ಬಾಯಿಗೆ ಕರ್ರಗಾದ ಅರಿವೆಯ ಗಂಟೊಂದನ್ನು ತುರುಕಿದ್ದರು. ಎಷ್ಟು ಸಲ ಇಂಜಿನ್ನು ಬಿಚ್ಚಿ ಕಟ್ಟಿದರೂ ಫಿಟ್ಟರ್ ರಸೂಲಸಾಬ ಅದನ್ನು ಮುಟ್ಟದೆ ಅಲ್ಲೇ ಬಿಡುತ್ತಿದ್ದ. ಡ್ರೈವರುಗಳು ಒಂದೇ ಹಾರ್ನಿನಲ್ಲಿ ಸಂಸಾರ ತೂಗಿಸುತ್ತಿದ್ದರು, ಯಾರೂ ಕೇಳಿರಲಿಲ್ಲ. ಭರಮಪ್ಪ ಕೇಳಿದ. ಚರಿತ್ರೆಯ ಇಂಜಿನ್ನೆಂದರೆ ಜೋಡಿ ದನಿ ಬೇಕು.

ಪ್ರವಾಸದ ಹಿಂದಿನ ದಿನ ಅಮಾವಾಸ್ಯೆ. ನಡುಹಗಲಲ್ಲೂ ಶೆಡ್ಡಿನೊಳಗೆ ಕಗ್ಗತ್ತಲೆ, ಸುಟ್ಟ ಎಣ್ಣೆಯ ಗಮಟು. ಗಂಟು ತೆಗೆಯಲು ಇಟ್ಟ ಏಣಿಯ ಬುಡದಲ್ಲಿ ರಸೂಲಸಾಬ, ಅವನ ಹಿಂದೆ ಮಲಕಪ್ಪನ ಹೆಂಡತಿ ಮೈಲಾರವ್ವ. ಪ್ಲಾಟ್‌ಫಾರ್ಮಿನಲ್ಲಿ ಚುರಮುರಿ ಮಾರುವ ಮುದುಕಿ. ಪುಸ್ತಿಕೆಯ ಸಾಲನ್ನು ಅವಳಿಗೆ ಯಾರೋ ಓದಿ ಹೇಳಿದ್ದರು.

"ತಗೀಬ್ಯಾಡ್ರಿ ಸಾಹೇಬ್ರ," ಎಂದ ರಸೂಲಸಾಬ. "ಅದು ಮಲಕಪ್ಪನ ಪಟಗಾದ ಅರಿವಿ. ಅವ ಸತ್ತ ದಿನ ಹಾರ್ನ್ ಹೊಡಿಲಿಲ್ರಿ. ಬಲಗಡೆದು ರಿಪೇರಿಗೆ ಹೋಗಿತ್ತು, ಇದರ ಗಾಳಿ ಪೈಪ್ ಬಿಚ್ಚಿತ್ತು. ಡ್ರೈವರ್ ಬಾಜೂಕ ನಾನ ಕುಂತಿದ್ದೆ."

"ಮತ್ತ ಹೊಡದೇವಿ ಅಂತ ಸಹಿ ಯಾಕ ಮಾಡಿದ್ಯೋ?"

"ನೌಕರಿ ಬೇಕಿತ್ತರಿ."

ಆಮೇಲೆ ಅವನು ಉಳಿದದ್ದನ್ನೂ ಹೇಳಿದ. ಮಲಕಪ್ಪ ಸತ್ತ ನಂತರದ ಅಮಾವಾಸ್ಯೆಯಂದು ಮೈಲಾರವ್ವ ನಿಂತ ಇಂಜಿನ್ನನ್ನು ಹತ್ತಿ, ಗಂಡ ತಲೆಗೆ ಸುತ್ತಿದ್ದ, ರಕ್ತ ಹತ್ತಿದ ಪಟಗಾದಲ್ಲಿ ಸೂಜಿ ಚುಚ್ಚಿದ ನಿಂಬೆಹಣ್ಣು ಕಟ್ಟಿ, ಆ ಬಾಯಿಗೆ ತುರುಕಿ ಆಣೆ ಇಟ್ಟಿದ್ದಳು. ಅಂದು ಕೂಗದ್ದು ಇನ್ನು ಕೂಗಬಾರದು. ಇದನ್ನು ತೆಗೆದವನಿಗೆ ಇದರ ಕೂಗು ಕೇಳಬಾರದು.

ಮುದುಕಿ ಬೇಡಿದ್ದು ಬೇರೆ. "ಆ ಒಂದ್ ಸಾಲ ಅಳಸ್ರಿ ಯಪ್ಪಾ. ತಪ್ಪು ಅವಂದಲ್ಲ. ಅದನ್ನ ಅಳಸಿದ್ರ ಗಂಟ ನಾನ ತಗದ ಒಯ್ತೀನಿ."

ಅಚ್ಚಾಗಿದ್ದನ್ನು ಹೇಗೆ ಅಳಿಸುವುದು? ಅಳಿಸಿದರೆ ಮೇಲಿನವರ ವಿಚಾರಣೆಯೇ ಸುಳ್ಳೆಂದಂತೆ. ಹುಬ್ಬಳ್ಳಿಯ ಕುರ್ಚಿ ಅಲ್ಲಿಗೆ ಮುಗಿಯಿತು. ಭರಮಪ್ಪ ನಕ್ಕ. "ನನ್ನ ಕಿವಿ ಅಗದಿ ಗಟ್ಟಿ ಅದಾವಬೇ, ಮನಿಗೆ ಹೋಗು," ಎಂದು ಏಣಿ ಹತ್ತಿ ಗಂಟನ್ನು ಕಿತ್ತ. ಇಪ್ಪತ್ತು ವರ್ಷದ ನಿಂಬೆಹಣ್ಣು ಒಣಗಿ ಕಲ್ಲಾಗಿತ್ತು. ಅರಿವೆ ಮಾತ್ರ ಯಾಕೋ ಹಸಿಯಾಗಿತ್ತು, ತುಕ್ಕಿನ ವಾಸನೆ ಹೊಡೆಯುತ್ತಿತ್ತು. ಅದರಿಂದಲೇ ಕೈ ಒರೆಸಿಕೊಂಡು ಹೊಲಸು ಎಣ್ಣೆಯ ಪೀಪಾಯಿಗೆ ಒಗೆದ.

ಹಾರ್ನು ಹೊಡೆದು ನೋಡಿದರು. ಶೆಡ್ಡಿನ ಪಾರಿವಾಳಗಳೆಲ್ಲ ಎದ್ದುಹೋದವು, ಕೂಲಿಗಳು ಕಿವಿ ಮುಚ್ಚಿಕೊಂಡರು. ಭರಮಪ್ಪನಿಗೆ ಕೇಳಿದ್ದು ಒಂದೇ ದನಿ. ಎಡಗಡೆಯದು ಇನ್ನೂ ಕಟ್ಟಿಕೊಂಡಿದೆ, ಸರಿಯಾಗಿ ನೋಡೆಂದು ಗದರಿದ. ರಸೂಲಸಾಬ ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ನೆಲಕ್ಕೆ ಕೂತ. ಮೈಲಾರವ್ವ ಆಗಲೇ ಹೋಗಿದ್ದಳು.

ಮರುದಿನ ಮುಂಬಯಿಯವರು ಕ್ಯಾಮರಾ, ಟೇಪ್‌ರೆಕಾರ್ಡರು ಹಿಡಿದು ಬಂದರು. ಅವರದೊಂದು ಪದ್ಧತಿ: ನೋಟ ಚೆನ್ನಾಗಿರುವಲ್ಲಿ ಎಲ್ಲರೂ ಇಳಿಯಬೇಕು, ಬಂಡಿ ಹಿಂದಕ್ಕೆ ಸರಿಯಬೇಕು, ಮತ್ತೆ ಹಾರ್ನು ಹೊಡೆಯುತ್ತ ಜೋರಾಗಿ ಬರಬೇಕು, ಇವರು ಫೋಟೋ ಹಿಡಿಯಬೇಕು. ಅವರು ಆರಿಸಿದ್ದು ಬನ್ನಿಗಿಡದ ತಿರುವನ್ನು. ಇಪ್ಪತ್ತು ವರ್ಷ ಮೂಕವಾಗಿದ್ದ ಎಡಗಡೆಯ ಹಾರ್ನೊಂದನ್ನೇ ಹೊಡೆಯೆಂದು ಅವರು ಡ್ರೈವರನಿಗೆ ಹೇಳಿದ್ದು ಭರಮಪ್ಪನಿಗೆ ಗೊತ್ತಿರಲಿಲ್ಲ.

ಬಂಡಿ ತಿರುವಿನಾಚೆ ಸರಿದು ಮರೆಯಾಯಿತು. ಅಷ್ಟರಲ್ಲಿ ಗಾಳಿ ಬೀಸಿ ಭರಮಪ್ಪನ ಕೈಯ ಪುಸ್ತಿಕೆ ಹಾರಿತು. ಪುಟಗಳು ಬಿಚ್ಚಿ ಹಳಿಯ ಮೇಲೆ ಚೆಲ್ಲಿದವು. ಹಾರ್ನು ಕೇಳಿದರೆ ಸರಿಯುವೆನೆಂದು ಅವನು ಆಯಲು ಬಗ್ಗಿದ.

ಟಿಟ್ಟಿಭ ಹಕ್ಕಿಯೊಂದು ಕೂಗಿತು. ಅದು ಕೇಳಿಸಿತು. ಜೋಳದ ಗರಿಯ ಸರಸರ, ಅದೂ ಕೇಳಿಸಿತು. ತಲೆ ಎತ್ತಿ ಜನರತ್ತ ನೋಡಿದ. ಎಲ್ಲರೂ ಕೈ ಬೀಸುತ್ತಿದ್ದರು. ಬಾಯಿ ತೆರೆದಿದ್ದರು. ದನಿಯಿಲ್ಲ. ಫೋಟೋಕ್ಕೆ ನಗುತ್ತಿದ್ದಾರೆಂದುಕೊಂಡ. ತಾನೂ ನಕ್ಕ. ಒಂದು ಪುಟ ಉಳಿದಿತ್ತು. ಆರನೆಯದು. ಹಳಿಗೆ ಅಂಟಿತ್ತು. ಎಳೆದ. ಬರಲಿಲ್ಲ. ಹಸಿಯಾಗಿತ್ತು. ತುಕ್ಕಿನ ವಾಸನೆ. ಬೆರಳ ಕೆಳಗೆ ಹಳಿ ನಡುಗಿತು. ಬೆನ್ನಿಗೆ ಬಿಸಿ ಗಾಳಿ. ಡೀಸೆಲ್ಲಿನ ಗಮಟು. ಹಾರ್ನಿಲ್ಲ. ಇನ್ನೂ ಹಾರ್ನಿಲ್ಲ. ನೆರಳು ಬಿತ್ತು.

ಜೀವ ಉಳಿಯಿತು. ಮೊಣಕಾಲಿನ ಕೆಳಗೆ ಎರಡೂ ಕಾಲು ಹೋದವು.

ಆಸ್ಪತ್ರೆಯ ಮಂಚದ ಸುತ್ತ ವಿಚಾರಣೆ ನಡೆಯಿತು. ಹಾರ್ನು ಹೊಡೆಯಲಿಲ್ಲವೆಂದು ಭರಮಪ್ಪ ಆಣೆ ಮಾಡಿದ. ವಿಚಾರಣೆಗೆ ಬಂದ ಅಧಿಕಾರಿಗಳು ಮುಂಬಯಿಯವರ ಟೇಪು ಹಾಕಿದರು. ಕೋಣೆಯಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಅವನಿಗೆ ಟಿಟ್ಟಿಭ ಕೇಳಿಸಿತು, ಜೋಳದ ಗರಿ ಕೇಳಿಸಿತು. ಮೂರು ಸಲ ಹಾಕಿಸಿದ. ಬಾಗಿಲ ಬಳಿ ನಿಂತಿದ್ದ ರಸೂಲಸಾಬನನ್ನು ಕೇಳಿದ. "ಈ ಸಲ ಖರೇನ ಹೊಡದಾರ್ರಿ," ಎಂದ ರಸೂಲಸಾಬ.

ಅಧಿಕಾರಿಗಳು ಹೊಸ ಸಾಲು ಹುಡುಕುವ ಶ್ರಮ ತೆಗೆದುಕೊಳ್ಳಲಿಲ್ಲ. ಹಾರ್ನು ಹೊಡೆಯಲಾಗಿತ್ತು, ಗಮನ ಕೊಡದ್ದು ಗಾಯಾಳುವಿನ ತಪ್ಪು ಎಂದು ಬರೆದರು. ನೌಕರಿ ಬೇಕಿತ್ತು, ಭರಮಪ್ಪ ಸಹಿ ಮಾಡಿದ. ಇಂಜಿನ್ನು ಮುಂದಿನ ತಿಂಗಳು ಗುಜರಿಗೆ ಹೋಯಿತು.