ಬೂದು ಚೌಕದೊಳಗಿನ ಬಾತು

"ಎಲ್ಲಿದೆಯೇ ನಿನ್ನ ಬಾತು? ನಂಗೇನೂ ಕಾಣ್ತಿಲ್ವಲ್ಲ," ಎಂದರು ಮಹಡಿ ಮನೆಯ ಅಜ್ಜಿ.

ಬುಗುರಿ ಅಜ್ಜಿಯ ಕಂಪ್ಯೂಟರ್‌ಗೆ ಮೂಗು ತಾಗುವಷ್ಟು ಬಗ್ಗಿದಳು. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಮನೆಯವರೆಲ್ಲ ಅವಳನ್ನು ಬುಗುರಿ ಅನ್ನುತ್ತಿದ್ದರು. ವಿಡಿಯೋ ಇರಬೇಕಾದ ಕಡೆ ಬರೀ ಬೂದು ಚೌಕ. ಅದರೊಳಗೊಂದು ಸಾಲು: "ನಿಮ್ಮ ಬ್ರೌಸರ್ ಈ ವಿಡಿಯೋವನ್ನು ಬೆಂಬಲಿಸುವುದಿಲ್ಲ."

ಅವಳು ಪೇಜನ್ನು ಮತ್ತೊಮ್ಮೆ ತೆರೆದಳು. ಅದೇ ಚೌಕ.

ಅವಳ ಬಾತುಕೋಳಿಯ ಹೆಸರು ಮೇಷ್ಟ್ರು. ಭಾನುವಾರದಿಂದ ಮೇಷ್ಟ್ರು ಪತ್ತೆಯಿಲ್ಲ. ಬಿಳಿ ಬಾತುಗಳೆಲ್ಲ ನೋಡಲು ಒಂದೇ ಥರ. ಮೇಷ್ಟ್ರ ಗುರುತೆಲ್ಲ ಇರುವುದು ನಡಿಗೆಯಲ್ಲಿ. ಅದಕ್ಕೇ ಅಣ್ಣ ಅದರ ನಡಿಗೆಯ ವಿಡಿಯೋ ಹಾಕಿ ವೆಬ್ ಪೇಜ್ ಮಾಡಿದ್ದ. ಅದರ ವಿಳಾಸವನ್ನು ಬೀದಿಯ ಅಂಗಡಿಗಳಿಗೆಲ್ಲ ಕೊಟ್ಟು ಬಂದಿದ್ದರು. ಒಬ್ಬರೂ ಫೋನ್ ಮಾಡಿರಲಿಲ್ಲ.

ಬುಗುರಿ ದಡದಡ ಕೆಳಗೆ ಇಳಿದು ಅಣ್ಣನಿಗೆ ಹೇಳಿದಳು.

"ನಮ್ಮನೇಲಿ ಓಡುತ್ತಲ್ಲ?" ಎಂದ ಅಣ್ಣ. "ಅಜ್ಜೀದು ಓಬೀರಾಯನ ಕಾಲದ ಕಂಪ್ಯೂಟರ್. ಅದಕ್ಕೆ ನಾನೇನು ಮಾಡ್ಲಿ?"

"ಅಂಗಡಿಗಳಲ್ಲೂ ಅಂಥದ್ದೇ ಇದ್ರೆ? ಎಲ್ರೂ ಖಾಲಿ ಡಬ್ಬಿ ನೋಡಿ ಸುಮ್ನಾಗಿರ್ತಾರೆ." ಅವಳು ಅಣ್ಣನ ತೋಳು ಜಗ್ಗಿದಳು. "ಪೇಜಿನ ಕೋಡ್ ತೋರ್ಸು ನಂಗೆ."

ಅಣ್ಣ ಗೊಣಗುತ್ತಲೇ ತೆರೆದ. ಬುಗುರಿಗೆ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೂ ಬೆರಳಿಟ್ಟು ಒಂದೊಂದೇ ಸಾಲು ನೋಡುತ್ತಾ ಬಂದಳು. ಬೆರಳು ತಟ್ಟನೆ ನಿಂತಿತು.

"ಅಣ್ಣಾ, ಇಲ್ನೋಡು. 'ಬೆಂಬಲಿಸುವುದಿಲ್ಲ' ಅಂತ ಇಲ್ಲೇ ಇದೆ. ಅದನ್ನ ಕಂಪ್ಯೂಟರ್ ಹೇಳ್ತಿಲ್ಲ. ನಾವೇ ಹೇಳ್ತಿದೀವಿ."

ಅಣ್ಣ ತಲೆ ಕೆರೆದುಕೊಂಡ. ಪುಸ್ತಕ ನೋಡಿ ಕೋಡ್ ಬರೆಯುವಾಗ ಆ ಸಾಲನ್ನೂ ಹಾಗೇ ಇಳಿಸಿಕೊಂಡಿದ್ದ. "ಹೌದಲ್ವಾ. ವಿಡಿಯೋ ಅಂದ್ರೇನು ಅಂತ ಗೊತ್ತಿಲ್ಲದ ಬ್ರೌಸರ್ ಇಲ್ಲಿ ಬರೆದಿರೋದನ್ನ ತೋರಿಸುತ್ತೆ. ಇಲ್ಲಿ ಏನು ಬೇಕಾದ್ರೂ ಬರೀಬಹುದು. ಒಂದು ಫೋಟೋ ಹಾಕ್ಲಾ?"

"ಫೋಟೋ ನಡೆಯುತ್ತಾ? ಏಳು, ನಾನು ಕೂತ್ಕೋತೀನಿ."

'ಇದು ವಿಚಿತ್ರವಾಗಿ ನಡೆಯುತ್ತದೆ' ಎಂದು ಬರೆದಳು.

"ಎಲ್ಲಾ ಬಾತೂ ವಿಚಿತ್ರವಾಗೇ ನಡೆಯೋದು," ಎಂದ ಅಣ್ಣ.

ಅಳಿಸಿದಳು. ಎದ್ದು, ಕೈ ಹಿಂದೆ ಕಟ್ಟಿ, ಮೇಷ್ಟ್ರ ಹಾಗೇ ಕೋಣೆ ತುಂಬಾ ನಡೆದಳು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ ಬಿಡು ಎಂದುಕೊಂಡು ಕೂತು ಬರೆದಳು:

'ಇವರು ನಾಲ್ಕು ಹೆಜ್ಜೆ ನಡೆದು ಎಡಕ್ಕೆ ವಾಲುತ್ತಾರೆ. ಆಮೇಲೆ ನಿಂತು, ಮಕ್ಕಳೆಲ್ಲ ಸಾಲಾಗಿ ಬರ್ತಿದ್ದಾರಾ ಅಂತ ಶಾಲೆಯ ಮೇಷ್ಟ್ರು ನೋಡುವ ಹಾಗೆ ಹಿಂದೆ ತಿರುಗಿ ನೋಡುತ್ತಾರೆ. ಹಿಂದೆ ಯಾರೂ ಇಲ್ಲದಿದ್ದರೂ ನೋಡುತ್ತಾರೆ.'

ಮರುದಿನ ಸಂಜೆ ಫೋನ್ ಬಂತು. ಕಾರು ತೊಳೆಯುವ ಶೆಡ್ಡಿನವರು.

"ಪುಟ್ಟಿ, ಒಂದು ಬಾತು ಬಂದು ನಮ್ಮ ನೀರಲ್ಲಿ ಠಿಕಾಣಿ ಹೂಡಿದೆ. ಮೊನ್ನೆ ನಿಮ್ಮ ಪೇಜ್ ತೆಗೆದ್ರೆ ಬರೀ ಡಬ್ಬಿ ಇತ್ತು, ಇದು ನಿಮ್ದೇನಾ ಅಂತ ಗೊತ್ತಾಗ್ಲಿಲ್ಲ. ಇವತ್ತು ಮತ್ತೆ ತೆಗೆದು ಓದ್ತಾ ಇದೀನಿ, ಅಷ್ಟರಲ್ಲಿ ಇದು ಬಾಗಿಲ ಹತ್ರ ನಿಂತು ಹಿಂದೆ ತಿರುಗಿ ನೋಡ್ಬೇಕೇ!"

ಬುಗುರಿ ಚಪ್ಪಲಿಯನ್ನೂ ಮರೆತು ಓಡಿದಳು. ಮೇಷ್ಟ್ರು ಸೋಪಿನ ನೊರೆಯಲ್ಲಿ ಆರಾಮಾಗಿ ನಿಂತಿದ್ದರು. ಅವಳು ಬಾಚಿ ತಬ್ಬಿಕೊಂಡಳು. ಅಂಗಿಯೆಲ್ಲ ಒದ್ದೆಯಾಯಿತು. ಇಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ. ಕಾರು ತೊಳೆಯುವವರೆಲ್ಲ ಪೈಪು ಬಿಟ್ಟು ಸುತ್ತ ನಿಂತು ನಗುತ್ತಿದ್ದರು.

ಏದುಸಿರು ಬಿಡುತ್ತಾ ಬಂದ ಅಣ್ಣ, ಮೇಜಿನ ಮೇಲಿದ್ದ ಹಳೇ ಕಂಪ್ಯೂಟರ್ ನೋಡಿದ. "ಅಂಕಲ್, ಇದಕ್ಕೆ ಬೇರೆ ಬ್ರೌಸರ್ ಹಾಕಿಕೊಡ್ಲಾ? ಆಗ ನೀವೂ ವಿಡಿಯೋ ನೋಡಬಹುದು."

"ಯಾಕಪ್ಪ?" ಎಂದರು ಶೆಡ್ಡಿನವರು. "ಆ ಸಾಲುಗಳಲ್ಲೇ ನಾವೆಲ್ಲ ಆಗ್ಲೇ ನೋಡಾಯ್ತಲ್ಲ."

ನೋಡಾಯ್ತು ಅಂದರು, ಓದಾಯ್ತು ಅನ್ನಲಿಲ್ಲ. ಬುಗುರಿ ಮೇಷ್ಟ್ರನ್ನು ಇನ್ನಷ್ಟು ಅವುಚಿಕೊಂಡಳು.