ಹಚ್ಚದ ಒಲೆಗೊಂದು ಪೈಪು

ಮುದ್ದೆಯ ಎಸರು ಇನ್ನೇನು ಕುದಿಯಬೇಕು, ಒಲೆ ಪುಸ್ಸೆಂದು ಆರಿಹೋಯಿತು. ಪಾಲಮ್ಮ ಮುದ್ದೆಕೋಲನ್ನು ಕುಕ್ಕಿ ಎದ್ದಳು. ಈ ವಾರವಿಡೀ ಇದೇ ಹಾಡು.

ಎಪ್ಪತ್ತೈದನೇ ಇಸವಿಯಲ್ಲಿ ಯಲ್ಲದಕೆರೆಗೆ ಬಂದ ಮೊದಲ ಗೋಬರ್ ಗ್ಯಾಸು ಪಾಲಮ್ಮನ ಮನೆಯದೇ. ಹಿತ್ತಿಲ ಗುಂಡಿಯ ಮೇಲೆ ಕಬ್ಬಿಣದ ಡ್ರಮ್ಮು. ಅದರಿಂದ ಒಂದು ಪೈಪು ಇವರ ಅಡುಗೆಮನೆಗೆ, ಇನ್ನೊಂದು ಓಣಿ ದಾಟಿ ಯಲ್ಲಕ್ಕತ್ತೆಯ ಮನೆಗೆ. ಅದಕ್ಕೆ ಬದಲಾಗಿ ಅತ್ತೆಯ ಮಗ ಮುದ್ದಣ್ಣ ದಿನಾ ಬೆಳಿಗ್ಗೆ ಒಂದು ಪುಟ್ಟಿ ಸಗಣಿ ತಂದು ಹಾಕಬೇಕು.

ಪುಟ್ಟಿ ಇಳಿಸುವಾಗ ಅವನು ಕತ್ತೆತ್ತಿ ಅಡುಗೆಮನೆಯ ಕಿಟಕಿಯತ್ತ ಒಮ್ಮೆ ನೋಡುತ್ತಿದ್ದ. ಸರಿಯಾಗಿ ಆ ಹೊತ್ತಿಗೇ ಕಿಟಕಿಯ ಬಳಿ ಪಾತ್ರೆ ಒರೆಸುವ ಕೆಲಸ ಪಾಲಮ್ಮನಿಗೆ ಹೇಗೋ ಬಂದುಬಿಡುತ್ತಿತ್ತು. ಆ ಒಂದು ನೋಟ ಅವಳಿಗೆ ಸಂಜೆಯವರೆಗೂ ಸಾಕಾಗುತ್ತಿತ್ತು. ಬಾಯಲ್ಲಿ ಮಾತ್ರ ಬರೀ ಬೈಗುಳ.

ಒಲೆ ಆರಿದ್ದು ಕಂಡು ಅಪ್ಪ ಜುಂಜಯ್ಯ ಕೆಂಡವಾದ. ತಂಗಿಯ ಮನೆಯವರೇ ಗ್ಯಾಸೆಲ್ಲ ಉರಿಸಿ ಮುಗಿಸುತ್ತಿದ್ದಾರೆ, ಇವತ್ತೇ ಆ ಪೈಪು ಕತ್ತರಿಸುತ್ತೇನೆ ಎನ್ನುತ್ತ ಗರಗಸ ಹುಡುಕಲು ಹೋದ. ಪಾಲಮ್ಮನಿಗೆ ಬೇರೆಯೇ ಚಿಂತೆ. ಪೈಪು ಹೋದರೆ ಪುಟ್ಟಿಯೂ ಹೋಯಿತು. ಆಮೇಲೆ ಮುದ್ದಣ್ಣ ಯಾವ ನೆಪ ಹೇಳಿ ಬಂದಾನು?

ಅವಳು ಹಿತ್ತಿಲಿಗೆ ಓಡಿದಳು. ಮುದ್ದಣ್ಣ ಆಗಷ್ಟೇ ಪುಟ್ಟಿ ಸುರಿದಿದ್ದ. ಸಗಣಿ ಕಲಸುವ ತೊಟ್ಟಿಯಲ್ಲಿ ಕರ‍್ರಗೆ, ದುಂಡಗೆ ಏನೋ ತೇಲುತ್ತಿತ್ತು. ಬಗ್ಗಿ ನೋಡಿದರೆ ಕುರಿಹಿಕ್ಕೆ. ನೆನೆಸಿಲ್ಲ, ಕಿವುಚಿಲ್ಲ, ಹಾಗೇ ಸುರಿದಿದ್ದಾನೆ. ಗುಂಡಿಯೊಳಗೂ ಇದು ಹೀಗೇ ತೇಲಿ ಗಟ್ಟಿಯಾಗಿ ಕೂತರೆ ಗ್ಯಾಸು ಮೇಲೇಳುವುದಾದರೂ ಹೇಗೆ?

“ಏನ್ ಮಾವ ಇದು? ಗ್ಯಾಸಿಗೆ ಕುರಿಹಿಕ್ಕೆ ಹಾಕು ಅಂತ ಯಾರ್ ಹೇಳಿದ್ರು ನಿಂಗೆ?”

ಮುದ್ದಣ್ಣ ತಲೆ ಕೆರೆದುಕೊಂಡ. ಅವ್ವ ಹಸು ಮಾರಿಬಿಟ್ಟಳು, ಈಗ ಇರುವುದು ಕುರಿಗಳಷ್ಟೇ, ಹೊಲಕ್ಕೆ ಆಗುವ ಗೊಬ್ಬರ ಒಲೆಗೆ ಆಗದೇ ಅಂದುಕೊಂಡೆ ಎಂದ. ಸಗಣಿ ಇಲ್ಲವೆಂದು ಹೇಳಲು ಬಾಯಿಗೆ ಏನಾಗಿತ್ತು, ನಿಮ್ಮ ಮನೆಯ ಒಲೆಯೂ ಆರುವುದಿಲ್ಲವೇ ಎಂದು ಅವಳು ರೇಗಿದಳು.

“ನಮ್ಮನೆ ಗ್ಯಾಸೊಲೆ ಹಚ್ಚೇ ಇಲ್ಲ ಪಾಲಿ. ಸಗಣಿ ಗುಂಡಿ ಗಾಳೀಲಿ ಬೇಯ್ಸಿದ್ದು ಉಣ್ಣಲ್ಲ ಅಂತಾಳೆ ಅವ್ವ. ನಿಮ್ಮಪ್ಪ ನೊಂದ್ಕಂತಾನೆ ಅಂತ ಯಾರಿಗೂ ಹೇಳಿಲ್ಲ.”

“ಮತ್ತೆ ದಿನಾ ಯಾಕೆ ಹೊತ್ಕಂಡ್ ಬರ್ತೀಯ?”

ಅವನು ಅಭ್ಯಾಸಬಲದಿಂದ ಕಿಟಕಿಯತ್ತ ನೋಡಿದ. ಅವಳು ಅಲ್ಲಿಲ್ಲ, ಎದುರಿಗೇ ಇದ್ದಾಳೆಂದು ಹೊಳೆದು ಇತ್ತ ತಿರುಗಿದ. ಕಿವಿಯವರೆಗೂ ಕೆಂಪಾಗಿದ್ದ.

ಒಂದು ಮಾತು ಆಡಲಾರದೆ ಹಟ್ಟಿಯ ಹಿಕ್ಕೆಯನ್ನೆಲ್ಲ ಹೊತ್ತು ತಂದ ಈ ಪೆದ್ದನನ್ನು ಏನು ಮಾಡುವುದು? ಅವಳಿಗೆ ಸಿಟ್ಟೂ ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು.

ಅಷ್ಟರಲ್ಲಿ ಜುಂಜಯ್ಯ ಬಂದು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಗರಗಸ ಇಡಬೇಕಾದಲ್ಲಿ ಪಾಲಮ್ಮ ಕೈಯಿಟ್ಟಳು.

“ಕೊಯ್ಬ್ಯಾಡಪ್ಪ. ಅತ್ತೆ ಮನೇಲಿ ಈ ಒಲೆ ಹಚ್ಚೋರೇ ಇಲ್ಲ. ನಾನೇ ಹೋಗಿ ಹಚ್ತೀನಿ.”

ಜುಂಜಯ್ಯ ಮಗಳನ್ನು ನೋಡಿದ, ಅಳಿಯನನ್ನು ನೋಡಿದ, ತೇಲುತ್ತಿದ್ದ ಹಿಕ್ಕೆಯನ್ನೂ ನೋಡಿದ. ಗರಗಸವನ್ನು ಸೂರಿಗೆ ಸಿಕ್ಕಿಸಿ ನಿಟ್ಟುಸಿರುಬಿಟ್ಟ.

“ಮೊದ್ಲು ಆ ಹಿಕ್ಕೆ ತೆಗೀಲಿ ಅವ್ನು. ಆಮ್ಯಾಲೆ ಅವರವ್ವನ್ನ ಕರ್ಕಂಡ್ ಬರ್ಲಿ.”