ನೀಲಿ ಹೊಳೆದ ತೋಳು

"ಈ ತಟ್ಟೆ ತೊಳೆದದ್ದು ನೀನೇನಾ, ಸಿಡುಕಪ್ಪ?"

ಅವಳು ಗಾಜಿನ ತಟ್ಟೆ ಎತ್ತಿ ಹಿಡಿದು ಅದರಾಚೆಯಿಂದ ನನ್ನನ್ನು ನೋಡಿದಳು. ಒಂದು ಕಣ್ಣು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಕಂಡಿತು.

"ಈ ನೆಲಮಾಳಿಗೇಲಿ ಇನ್ಯಾರಿದ್ದಾರೆ ಮೇಡಂ, ನಮ್ಮ ತಾತನಾ?"

ನಕ್ಕಳು. ಅವಳ ಎಡಗೆನ್ನೆ ಮೊದಲು ನಗುತ್ತದೆ. ಅದನ್ನು ನೋಡಲೆಂದೇ ಕಿಟಕಿಯಿಲ್ಲದ ಈ ಬಿಲದಲ್ಲಿ ಎರಡು ವರ್ಷ ಲ್ಯಾಬಿನ ಗಾಜು ತೊಳೆದಿದ್ದೇನೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಬೇರೆ ಬಾಗಿಲು ತೆರೆಯುವವರೂ ಇರಲಿಲ್ಲ ಬಿಡಿ.

ಲ್ಯಾಬಿನ ಸಂಶೋಧಕಿ ಅವಳು, ಒಂದು ಬಣ್ಣ ಮಾಡುತ್ತಿದ್ದಳು. ಅದು ಕ್ಯಾನ್ಸರ್ ಕೋಶದೊಳಗಿನ ಒಂದು ರಾಸಾಯನಿಕವನ್ನು ಹುಡುಕಿ ಅಂಟಿಕೊಂಡು ನೀಲಿಯಾಗಿ ಹೊಳೆಯಬೇಕು. ಒಳ್ಳೆಯ ಕೋಶ ಕತ್ತಲಾಗಿಯೇ ಇರಬೇಕು. ಮೂರು ತಿಂಗಳಿಂದ ಎಲ್ಲವೂ ಹೊಳೆಯುತ್ತಿದ್ದವು.

"ಬರೀ ನೀರು ಹಾಕಿದ್ರೂ ಹೊಳೀತಿದೆ ಕಣೋ. ಶುಕ್ರವಾರದೊಳಗೆ ಸರಿಹೋಗ್ದಿದ್ರೆ ಪ್ರಾಜೆಕ್ಟ್ ಮುಚ್ತಾರೆ. ನಾನು ಗಂಟುಮೂಟೆ ಕಟ್ಟೋದೇ."

ಕೈಲಿದ್ದ ಬ್ರಷ್ ಕೆಳಗಿಟ್ಟೆ.

ಲ್ಯಾಬಿನ ಸೋಪು ಮುಗಿದೂ ಮೂರು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಸ್ಟೋರಿನವನು "ನೊರೆ ಬಂದ್ರೆ ಸಾಕು ಹೋಗೋ, ದೊಡ್ಡ ವಿಜ್ಞಾನಿ" ಎಂದು ಓಡಿಸಿದ್ದ. ಆ ಮುಖದ ಮುಂದೆ ಮತ್ತೆ ಕೈಚಾಚಬಾರದೆಂಬ ರೋಷಕ್ಕೆ, ಮನೆಯಿಂದ ಬಟ್ಟೆ ಒಗೆಯುವ ಪುಡಿ ತಂದು ಉಜ್ಜಿದ್ದೆ. ಹೋದ ವಾರ ಅವಳ ಕತ್ತಲೆ ಕೋಣೆಗೆ ಟ್ರೇ ಒಯ್ದಾಗ, ಬಣ್ಣ ಪರೀಕ್ಷಿಸುವ ನೇರಳೆ ದೀಪದಡಿ ನನ್ನ ಅಂಗಿಯ ತೋಳೂ ಅದೇ ನೀಲಿಯಲ್ಲಿ ಹೊಳೆಯಿತು. ಒಗೆದದ್ದು ಅದೇ ಪುಡಿಯಲ್ಲಿ; ಪುಡಿಯ ಹೊಳಪು ಗಾಜಿಗೂ ಅಂಟಿತ್ತು. ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹೊರಬಿದ್ದಿದ್ದೆ.

ಹೇಳಿದರೆ ನಾನು ಬೀದಿಗೆ. ಸುಮ್ಮನಿದ್ದರೆ ಅವಳು.

"ಮೇಡಂ, ಕತ್ತಲೆ ಕೋಣೆಗೆ ಬನ್ನಿ, ಆ ನೇರಳೆ ದೀಪ ಹಾಕಿ."

ಕತ್ತಲೆ ಕೋಣೆ ಎಷ್ಟು ಇಕ್ಕಟ್ಟೆಂದರೆ ಭುಜಕ್ಕೆ ಭುಜ ತಾಗುತ್ತದೆ. ಖಾಲಿ ತಟ್ಟೆಯ ಪಕ್ಕ ತೋಳು ಚಾಚಿದೆ. ಎರಡೂ ಒಂದೇ ನೀಲಿ.

ಅವಳು ಬಗ್ಗಿ ನನ್ನ ತೋಳು ಮೂಸಿದಳು.

"ಬಟ್ಟೆ ಪುಡಿಯಾ?"

"ಹೂಂ. ಲ್ಯಾಬಿನ ಸೋಪು ಕೇಳಿದ್ರೆ ಸ್ಟೋರಿನವನು ಓಡಿಸ್ದ."

"ಯಾವಾಗ ಗೊತ್ತಾಯ್ತು?"

"ಹೋದ ವಾರ."

"ಒಂದು ವಾರ ನಾನು ಅಳೋದು ನೋಡ್ಕೊಂಡಿದ್ದೆ."

"ಹೇಳಿದ್ರೆ ಕೆಲ್ಸ ಹೋಗುತ್ತೆ."

"ಮತ್ತೆ ಈಗ್ಯಾಕೆ ಹೇಳ್ದೆ?"

"ನೀವೇ ಹೋದ್ಮೇಲೆ ಈ ಕೆಲ್ಸ ಇಟ್ಕೊಂಡು ಏನ್ ಮಾಡ್ಲಿ."

ಅವಳು ಆ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಲ್ಯಾಬಿನ ಸಾಹೇಬರ ಹತ್ರ ನಾನೂ ಬರ್ತೀನಿ. ಸ್ಟೋರಿನವನ ಮಾತೂ ಹೇಳ್ತೀನಿ. ನಿನ್ನ ಉಳಿಸ್ಕೊಳ್ತಾರೆ ಅಂತ ಮಾತ್ರ ಹೇಳಲಾರೆ."

"ಗೊತ್ತು."

"ನಂಗೆ ಸಿಟ್ಟಿದೆ."

"ಇರ್ಲಿ."

ಹೊಳೆಯುತ್ತಿದ್ದ ತೋಳನ್ನು ಬಿಗಿಯಾಗಿ ಹಿಡಿದು ಬಾಗಿಲಿಗೆ ಎಳೆದಳು. ಹೊರಗಿನ ಬೆಳಕಿಗೆ ನೀಲಿ ಆರಿ, ಅದು ಬರೀ ಸವೆದ ಬಿಳಿ ಬಟ್ಟೆಯಾಯಿತು.

ಅವಳು ಬಿಡಲಿಲ್ಲ.